ಎರಡು ಸ್ಯಾಡಲ್‌ನ ಮೌಂಟ್: ತೋರಿಸುವವನಿಗೂ ಒಂದು ಕಣ್ಣು

ಎಲ್ಲರಿಗೂ ನಮಸ್ಕಾರ.

ಟೆಲಿಸ್ಕೋಪ್ ಹೊತ್ತುಕೊಂಡು ಊರೂರಿಗೆ ಹೋಗಿ ಆಕಾಶ ತೋರಿಸುವವರ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ಯಾವುದು ಗೊತ್ತೆ? ‘ಏನೂ ಕಾಣ್ತಿಲ್ಲ ಸಾರ್.’ ಗುರು ಗ್ರಹವನ್ನು ನಡುವಿಗೆ ತಂದು, ಫೋಕಸ್ ಮಾಡಿ, ಸಾಲಿನಲ್ಲಿದ್ದ ಹುಡುಗಿಯನ್ನು ಸ್ಟೂಲಿನ ಮೇಲೆ ಹತ್ತಿಸುವಷ್ಟರಲ್ಲಿ ಗುರು ಜಾರಿಹೋಗಿರುತ್ತದೆ. ಅವಳನ್ನು ಪಕ್ಕಕ್ಕೆ ಸರಿಸಿ ನಾವು ಇಣುಕಬೇಕು, ಮತ್ತೆ ಹಿಡಿಯಬೇಕು, ಅವಳನ್ನು ಮತ್ತೆ ಹತ್ತಿಸಬೇಕು. ಎರಡು ಸಲ ಹೀಗಾದರೆ ಆ ಮಗು, ಹಿಂದಿದ್ದವರು ಗೊಣಗುತ್ತಾರೆ ಎಂದು, ‘ಹಾಂ, ಕಾಣ್ತು’ ಎಂದು ಸುಳ್ಳು ಹೇಳಿ ಇಳಿದುಬಿಡುತ್ತದೆ. ಆ ಸುಳ್ಳು ‘ಕಾಣ್ತು’ ನನಗೆ ಬಹಳ ವರ್ಷ ನೋವು ಕೊಟ್ಟಿದೆ. ಇವತ್ತು ನಾನು ಮಾತಾಡುವುದು ಎರಡು ಟೆಲಿಸ್ಕೋಪ್ ಒಟ್ಟಿಗೆ ಹೊರುವ ಮೌಂಟ್ ಬಗ್ಗೆ, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಪೀಠದ ಬಗ್ಗೆ. ಅದನ್ನು ನಾನು ಹಿಡಿದುಕೊಂಡದ್ದೇ ಆ ಸುಳ್ಳಿನಿಂದಾಗಿ.

ಗ್ರಹ ಯಾಕೆ ಜಾರುತ್ತದೆ? ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಅಂದರೆ 4 ನಿಮಿಷಕ್ಕೆ 1 ಡಿಗ್ರಿ. ನನ್ನ ದೊಡ್ಡ ಟೆಲಿಸ್ಕೋಪಿನ ಕನ್ನಡಿ 150 ಮಿಲಿಮೀಟರ್, ನಾಭಿದೂರ 1200. ಅದಕ್ಕೆ 10 ಮಿಲಿಮೀಟರಿನ ಐಪೀಸ್, ಅಂದರೆ ಕಣ್ಣಿಡುವ ಮಸೂರ, ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ, ಆದರೆ ಕಾಣುವ ಆಕಾಶದ ತುಂಡು ಅರ್ಧ ಡಿಗ್ರಿಯೂ ಇಲ್ಲ. ಅದರ ಈ ಅಂಚಿನಿಂದ ಆ ಅಂಚಿಗೆ ಗುರು ದಾಟಲು ಸುಮಾರು 1 ನಿಮಿಷ 40 ಸೆಕೆಂಡು ಸಾಕು. ನಡುವಿನಿಂದ ಹೊರಟರೆ ಅದರ ಅರ್ಧ. ಒಂದು ಮಗು ಸ್ಟೂಲ್ ಹತ್ತಿ, ಯಾವ ಕಣ್ಣು ಮುಚ್ಚಬೇಕು ಎಂದು ಕೇಳುವಷ್ಟು ಹೊತ್ತು.

‘ಮೋಟಾರ್ ಹಾಕಿದರಾಯಿತಲ್ಲ?’ ಎಂದು ನೀವು ಕೇಳಬಹುದು. ಮೋಟಾರಿನಲ್ಲಿ ಆಕಾಶದ ಜೊತೆಗೇ ತಿರುಗಲೆಂದು ಧ್ರುವ ನಕ್ಷತ್ರಕ್ಕೆ ಅಕ್ಷವನ್ನು ಗುರಿಯಿಟ್ಟು ಕೂರಿಸುವ ಮೌಂಟ್‌ಗಳು ಇವೆ, ಒಳ್ಳೆಯವೇ. ಆದರೆ ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಮ್ಮ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ. ತೀರ್ಥಹಳ್ಳಿ, ಹೊಸನಗರದ ಕಡೆ ಯಾರ ಮನೆಯ ಅಂಗಳದಲ್ಲಿ ನಿಂತು ಉತ್ತರಕ್ಕೆ 14 ಡಿಗ್ರಿ ನೋಡಿದರೂ ಕಾಣುವುದು ಅಡಿಕೆ ತೋಟದ ತಲೆ, ಇಲ್ಲವೆ ಗುಡ್ಡ. ಕೆಲವು ಮೌಂಟ್‌ಗಳ ಅಕ್ಷ ಅಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ಗುಂಡು ಟ್ರೈಪಾಡ್ ಕಾಲಿಗೆ ತಾಗುತ್ತದೆ. ಮಲೆನಾಡಿಗೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಷ್ಟೇ ತಿರುಗುವ ಕೈಮೌಂಟ್ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಟರಿ ಬೇಡ, ಧ್ರುವ ಬೇಡ, ಕೆಳಗಿಟ್ಟ 5 ನಿಮಿಷಕ್ಕೆ ಕೆಲಸ ಶುರು.

ಈಗ ಈ ಮೇಜಿನ ಮೇಲಿರುವುದನ್ನು ನೋಡಿ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗಿದೆ. ನಿಂತಿರುವ ಕಂಬ ಸುತ್ತ ತಿರುಗುತ್ತದೆ, ಅಡ್ಡ ದಂಡ ತನ್ನಲ್ಲೇ ಉರುಳುತ್ತದೆ. ಅಡ್ಡ ದಂಡದ ಎರಡು ತುದಿಗೂ ಒಂದೊಂದು ಸ್ಯಾಡಲ್, ಅಂದರೆ ಟೆಲಿಸ್ಕೋಪಿಗೆ ಜೋಡಿಸಿರುವ ಲೋಹದ ಪಟ್ಟಿಯನ್ನು ಕಚ್ಚಿ ಹಿಡಿಯುವ ಹಿಡಿಕೆ. ಒಂದು ತುದಿಗೆ ದೊಡ್ಡ ಟೆಲಿಸ್ಕೋಪ್, ಇನ್ನೊಂದಕ್ಕೆ 80 ಮಿಲಿಮೀಟರ್ ಮಸೂರದ ಪುಟ್ಟದು, ಅದರ ನಾಭಿದೂರ 400. ದಂಡ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬಾಗುತ್ತವೆ.

ಮಗು ದೊಡ್ಡದರಲ್ಲಿ ನೋಡುತ್ತಿರುವಾಗ ನಾನು ಪುಟ್ಟದರಲ್ಲಿ ನೋಡುತ್ತಿರುತ್ತೇನೆ. ಗುರು ನಡುವಿನಿಂದ ಸರಿದದ್ದು ನನಗೆ ಕಾಣುತ್ತದೆ, ಮೌಂಟನ್ನು ನಿಧಾನ ಸರಿಸುವ ಗುಬಟನ್ನು ಒಂದಿಷ್ಟು ತಿರುಗಿಸುತ್ತೇನೆ, ಗುರು ಮರಳಿ ನಡುವಿಗೆ ಬರುತ್ತದೆ. ಮಗು ಸ್ಟೂಲಿನಿಂದ ಇಳಿಯಬೇಕಿಲ್ಲ. ‘ಎಡಗಡೆ ಎರಡು ಚುಕ್ಕಿ, ಬಲಗಡೆ ಒಂದು, ಕಂಡ್ವಾ? ಅವು ಗುರುವಿನ ಚಂದ್ರರು’ ಎನ್ನುವಾಗ ನಾನೂ ಅದೇ ಆಕಾಶದಲ್ಲಿ ಇರುತ್ತೇನೆ. ಎರಡನೆಯ ಸ್ಯಾಡಲನ್ನು ಹಲವರು ಇನ್ನೊಂದು ಉಪಕರಣ ತೂಗುಹಾಕುವ ಜಾಗ ಎಂದಷ್ಟೇ ಎಣಿಸುತ್ತಾರೆ. ನನ್ನ ಮಟ್ಟಿಗೆ ಅದು ಜೊತೆಗಾರನ ಜಾಗ.

ನನ್ನ ದೊಡ್ಡದರಂಥ ಕನ್ನಡಿಯ ಟೆಲಿಸ್ಕೋಪಿಗೆ ಕಣ್ಣಿಡುವುದು ಕೊಳವೆಯ ಮೇಲ್ತುದಿಯ ಪಕ್ಕದಲ್ಲಿ, ಮಸೂರದ್ದಕ್ಕೆ ಕೆಳತುದಿಯಲ್ಲಿ. ಆದ್ದರಿಂದ ನನ್ನ ಜೋಡಿಯಲ್ಲಿ ತಲೆಗಳು ಡಿಕ್ಕಿ ಹೊಡೆಯುವುದಿಲ್ಲ. ಎರಡೂ ಮಸೂರದವೇ ಆಗಿದ್ದರೆ ಅಷ್ಟು ಹತ್ತಿರದಲ್ಲಿ ಇಬ್ಬರು ನಿಲ್ಲುವುದು ಕಷ್ಟ. ಜೋಡಿ ಆರಿಸುವಾಗ ಇದನ್ನು ಮರೆಯಬೇಡಿ.

ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಇಂಥ ಮೌಂಟ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಮೊದಲ ಪಾಠವನ್ನು ನಾನು ಒಂದು ಶಾಲೆಯ ಮೈದಾನದಲ್ಲಿ ಕಲಿತೆ. ಪುಟ್ಟ ಟೆಲಿಸ್ಕೋಪ್ ಸ್ಯಾಡಲಿನಿಂದ ಜಾರಿ ಹುಲ್ಲಿನ ಮೇಲೆ ಬಿತ್ತು. ಒಂದು ನಿಮಿಷದ ಹಿಂದೆ ಅದೇ ಜಾಗದಲ್ಲಿ ಒಬ್ಬ ಹುಡುಗ ನಿಂತಿದ್ದ. ಫೋಕಸಿನ ಕೊಳವೆ ಬಗ್ಗಿತು, ಅಷ್ಟಕ್ಕೇ ಮುಗಿಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದದ್ದು ಇಷ್ಟು. ಈ ಸ್ಯಾಡಲಿನಲ್ಲಿ ಎರಡು ಅಳತೆಯ ಪಟ್ಟಿ ಕೂರುತ್ತದೆ: ಸುಮಾರು 44 ಮಿಲಿಮೀಟರ್ ಅಗಲದ ಕಿರಿದು, ಸುಮಾರು 75 ಮಿಲಿಮೀಟರಿನ ಅಗಲದ್ದು. ಎರಡಕ್ಕೂ ಬೇರೆ ಬೇರೆ ಮೆಟ್ಟಿಲು ಕೊರೆದಿರುತ್ತಾರೆ. ಕತ್ತಲಲ್ಲಿ ನಾನು ಕಿರಿದಾದ ಪಟ್ಟಿಯ ಒಂದು ಅಂಚನ್ನು ಸರಿಯಾದ ಮೆಟ್ಟಿಲಿಗೆ ಕೂರಿಸದೆ ಬೋಲ್ಟ್ ಬಿಗಿದಿದ್ದೆ. ಬಿಗಿಯಾಯಿತು ಎಂದು ಕೈಗೆ ಅನಿಸಿತು, ಆದರೆ ಪಟ್ಟಿ ಓರೆಯಾಗಿ ನಿಂತಿತ್ತು. ಇನ್ನೊಂದು ಮಾತು: ಕುದುರೆಯ ಜೀನಿನ ಹೆಸರಿದ್ದರೂ ಈ ಮೌಂಟಿನಲ್ಲಿ ಟೆಲಿಸ್ಕೋಪ್ ಸ್ಯಾಡಲಿನ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನೇತಾಡುತ್ತದೆ. ಪೂರ್ತಿ ಭಾರ ಆ ಬೋಲ್ಟಿನ ಹಿಡಿತದ ಮೇಲೆ.

ಮರುವಾರವೇ ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಸ್ಯಾಡಲನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಒಳಗಿನ ಮೆಟ್ಟಿಲು ಸವರಿ, ‘ಒಂದೇ ಬೋಲ್ಟು ನಡುವಿಗೆ ಹಾಕಿದಾರೆ, ಅದಕ್ಕೇ ದವಡೆ ವಾಲ್ತದೆ’ ಅಂದರು. ದವಡೆ ಎಂಬ ಮಾತು ಎಷ್ಟು ಸರಿಯಾಗಿದೆ ನೋಡಿ. ಅಲ್ಯೂಮಿನಿಯಂ ತುಂಡಿನಲ್ಲಿ ಉದ್ದದ ಹೊಸ ದವಡೆ ಕೊರೆದು, ಎರಡು ತುದಿಗೆ ಎರಡು ಬೋಲ್ಟ್ ಕೊಟ್ಟರು. ಈಗ ಕಿರಿದಾದ ಪಟ್ಟಿಗೆ ಒಂದು ಸ್ಯಾಡಲ್, ಅಗಲದ್ದಕ್ಕೆ ಒಂದು. ಎರಡು ಅಳತೆಯ ಗೊಂದಲವೇ ಇಲ್ಲ. ಪ್ರತಿ ಪಟ್ಟಿಯ ಮೇಲ್ತುದಿಗೆ ಒಂದು ತೂತು ಕೊರೆದು ಅಡ್ಡ ಸ್ಕ್ರೂ ಹಾಕಿದ್ದೇನೆ. ಬೋಲ್ಟ್ ಸಡಿಲವಾಗಿ ಪಟ್ಟಿ ಕೆಳಗೆ ಜಾರಿದರೂ ಆ ಸ್ಕ್ರೂ ಸ್ಯಾಡಲಿಗೆ ತಾಗಿ ನಿಲ್ಲುತ್ತದೆ. ನೀವು ಬೇರೇನೂ ಮಾಡದಿದ್ದರೂ ಇದೊಂದನ್ನು ದಯವಿಟ್ಟು ಮಾಡಿ.

ಎರಡನೆಯದು ತಿರುಗಿಸುವ ಗುಬಟಿನ ಹಲ್ಲು. ಒಳಗೆ ವರ್ಮ್ ಗೇರ್ ಇದೆ: ತಿರುಪಿನಂಥ ಒಂದು ಸರಳು ಹಲ್ಲಿನ ಚಕ್ರವನ್ನು ನಿಧಾನವಾಗಿ ತಳ್ಳುತ್ತದೆ. ಚಕ್ರಕ್ಕೆ 144 ಹಲ್ಲು ಇದ್ದರೆ ಗುಬಟಿನ ಒಂದು ಸುತ್ತಿಗೆ ಎರಡೂವರೆ ಡಿಗ್ರಿ. ಸರಳು ಚಕ್ರಕ್ಕೆ ಸಡಿಲವಾಗಿ ತಾಗಿದ್ದರೆ ಗುಬಟು ತಿರುಗಿದರೂ ಟೆಲಿಸ್ಕೋಪ್ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಹಾರುತ್ತದೆ. ತೀರಾ ಬಿಗಿಯಾದರೆ ಒಂದೊಂದು ಕಡೆ ಕಚ್ಚುತ್ತದೆ. ನಾನು ಪೂರ್ತಿ ಬಿಚ್ಚಿ, ಅಂಟುಅಂಟಾದ ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿದೆ. ಆಮೇಲೆ ಅಲೆನ್ ಕೀ ಹಿಡಿದು ಕೂತೆ. ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಬಿಗಿಯುವುದು, ಅಕ್ಷವನ್ನು ಇಡೀ ಒಂದು ಸುತ್ತು ತಿರುಗಿಸಿ ನೋಡುವುದು, ಕಚ್ಚಿದರೆ ಒಂದಿಷ್ಟು ಬಿಡುವುದು. ಒಂದು ಕಡೆ ಸರಿಯಾಯಿತೆಂದು ಬಿಡಬಾರದು. ಚಕ್ರ ಪೂರ್ತಿ ದುಂಡಗೆ ಇರುವುದಿಲ್ಲ, ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಬೇಕು. ಎರಡು ಭಾನುವಾರ ಹಿಡಿಯಿತು. ಈಗ ಕಿರುಬೆರಳಿನಲ್ಲಿ ತಿರುಗಿಸಬಹುದು.

ಇನ್ನು ನೆತ್ತಿಯ ಸಮಸ್ಯೆ. ಇದು ನಮ್ಮ ಅಕ್ಷಾಂಶದವರಿಗೆ ವಿಶೇಷ. ರೋಹಿಣಿ, ಮಖಾ, ಸಿಂಹರಾಶಿಯ ಮೂರು ಗೆಲಾಕ್ಸಿಗಳ ಗುಂಪು, ಇವೆಲ್ಲ ಶಿವಮೊಗ್ಗದ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತವೆ. ಆಕಾಶದ ಅತಿ ತಿಳಿಯಾದ ಜಾಗ ಅದು, ಆದರೆ ಕೈಮೌಂಟಿಗೆ ಅತಿ ಕಷ್ಟದ ಜಾಗ. ಬೀಸುವ ಕಲ್ಲಿನ ನಡುಗೂಟದ ಬಳಿ ಕಾಳು ಒಂದು ಅಂಗುಲ ಸರಿಯಬೇಕಾದರೆ ಕಲ್ಲು ಎಷ್ಟು ಸುತ್ತಬೇಕು ನೆನಪಿಸಿಕೊಳ್ಳಿ. ನೆತ್ತಿಯ ಬಳಿ ನಕ್ಷತ್ರ ಕೂದಲೆಳೆ ಸರಿದರೂ ಕಂಬವನ್ನು ಬಹಳ ತಿರುಗಿಸಬೇಕಾಗುತ್ತದೆ. ಅದರ ಜೊತೆ ಉದ್ದದ ಕೊಳವೆಯ ಬುಡ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮೊದಲನೆಯದಕ್ಕೆ ಮದ್ದಿಲ್ಲ, ಅರ್ಧ ಗಂಟೆ ಕಾಯಬೇಕು. ಎರಡನೆಯದಕ್ಕೆ ಮೌಂಟಿನ ಕೆಳಗೆ ಒಂದು ಗಿಡ್ಡ ಕಂಬ ಬೇಕು. ನಾಲ್ಕು ಅಂಗುಲದ ಕಬ್ಬಿಣದ ಪೈಪಿನ 20 ಸೆಂಟಿಮೀಟರ್ ತುಂಡಿಗೆ ಎರಡು ಕಡೆ ತಟ್ಟೆ ಬೆಸುಗೆ ಹಾಕಿಸಿ, ಒಳಗೆ ಹುರಿದು ಒಣಗಿಸಿದ ತುಂಗಾ ಮರಳು ತುಂಬಿಸಿದೆ. ಮರಳು ನಡುಕವನ್ನು ನುಂಗುತ್ತದೆ. ಕೊಳವೆಗೆ ಬೆರಳಲ್ಲಿ ತಟ್ಟಿ ಗಡಿಯಾರ ನೋಡಿ: ಮೊದಲು ನಕ್ಷತ್ರ ನಿಲ್ಲಲು 4 ಸೆಕೆಂಡು ಬೇಕಿತ್ತು, ಈಗ 2 ಸಾಕು. ಕಂಬ ಇನ್ನೂ ಎತ್ತರ ಮಾಡಿದರೆ ಮಕ್ಕಳಿಗೆ ಐಪೀಸ್ ಎಟಕುವುದಿಲ್ಲ, ಅಲ್ಲಿಗೇ ನಿಲ್ಲಿಸಿದೆ. ಕೊಯ್ಲಾದ ಗದ್ದೆಯಲ್ಲಿ ನಿಲ್ಲಿಸುವವರು ಮೂರು ಕಾಲಿನಡಿಗೂ ಜಂಬಿಟ್ಟಿಗೆ ಇಡಿ, ಇಲ್ಲದಿದ್ದರೆ ನಡುರಾತ್ರಿಗೆ ಒಂದು ಕಾಲು ಇಳಿದಿರುತ್ತದೆ.

ಎರಡು ಟೆಲಿಸ್ಕೋಪ್ ಒಂದೇ ಕಡೆ ನೋಡಬೇಕಲ್ಲ, ಅದು ತಾನಾಗಿ ಆಗುವುದಿಲ್ಲ. ಹಗಲಿನಲ್ಲಿ ದೂರದ ಮೊಬೈಲ್ ಟವರಿನ ತುದಿಯನ್ನು ದೊಡ್ಡದರ ನಡುವಿಗೆ ತನ್ನಿ, ಪುಟ್ಟದರಲ್ಲಿ ಎಷ್ಟು ಸರಿದಿದೆ ನೋಡಿ. 20 ಸೆಂಟಿಮೀಟರ್ ಉದ್ದದ ಪಟ್ಟಿಯ ಒಂದು ತುದಿಗೆ 1 ಮಿಲಿಮೀಟರ್ ತಗಡು ಕೊಟ್ಟರೆ ದೃಷ್ಟಿ 0.29 ಡಿಗ್ರಿ ಸರಿಯುತ್ತದೆ, ಚಂದ್ರನ ಅಗಲದ ಅರ್ಧಕ್ಕಿಂತ ತುಸು ಹೆಚ್ಚು. ಈ ಲೆಕ್ಕ ಗೊತ್ತಿದ್ದರೆ ತಗಡಿನ ಚೂರುಗಳಲ್ಲೇ ಕೆಲಸ ಮುಗಿಯುತ್ತದೆ.

ಕಂಬ ಎಷ್ಟು ತಿರುಗಿದೆ ಎಂದು ತೋರಿಸುವ ಡಿಗ್ರಿಯ ಬಿಲ್ಲೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 229 ಮಿಲಿಮೀಟರ್ ವ್ಯಾಸದ ಬಿಲ್ಲೆಯ ಸುತ್ತಳತೆ ಸುಮಾರು 720 ಮಿಲಿಮೀಟರ್, ಅಂದರೆ ಡಿಗ್ರಿಗೆ 2 ಮಿಲಿಮೀಟರ್. ಅದನ್ನು ಕಂಬದ ಬುಡಕ್ಕೆ ಹಾಕಿ, ಎತ್ತರಕ್ಕೆ ಒಂದು ಡಿಜಿಟಲ್ ಕೋನಮಾಪಕ ಅಂಟಿಸಿ, ಮೊಬೈಲಿನ ಆಕಾಶ ನಕ್ಷೆಯ ಅಂಕಿಗೆ ಹೊಂದಿಸಿದರೆ ಬರಿಗಣ್ಣಿಗೆ ಕಾಣದ ವಸ್ತುಗಳೂ ಸಿಗುತ್ತವೆ.

ಸೂರ್ಯನ ವಿಷಯದಲ್ಲಿ ಮಾತ್ರ ನಿಧಾನವಾಗಿ ಹೇಳಬೇಕು. 2019ರ ಡಿಸೆಂಬರ್ 26ರ ಗ್ರಹಣ ನಿಮಗೆ ನೆನಪಿರಬಹುದು. ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ, ನಮ್ಮಲ್ಲಿ ಪಾರ್ಶ್ವ. ಜೋಡಿ ಮೌಂಟಿನಲ್ಲಿ ಒಂದಕ್ಕೆ ಸೌರ ಫಿಲ್ಟರ್ ಹಾಕಿದ ಕ್ಷಣ ಫಿಲ್ಟರ್ ಇಲ್ಲದ ಇನ್ನೊಂದು ಕೊಳವೆಯೂ ಅದೇ ಸೂರ್ಯನಿಗೆ ಗುರಿಯಿಟ್ಟಿರುತ್ತದೆ. ಫಿಲ್ಟರ್ ಬೆಳಕನ್ನು ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಪಕ್ಕದ ಕೊಳವೆ ಪೂರ್ತಿ ಬೆಳಕನ್ನು ಕಣ್ಣಿನೊಳಗೆ ಒಟ್ಟುಮಾಡುತ್ತದೆ. ಮಗುವಿಗೆ ಯಾವುದು ಯಾವುದೆಂದು ಗೊತ್ತಿಲ್ಲ. ಆದ್ದರಿಂದ ನಾನು ಎರಡು ಫಿಲ್ಟರನ್ನೂ ಒಂದೇ ಹುರಿಗೆ ಕಟ್ಟಿದ್ದೇನೆ, ಒಂದನ್ನು ತೆಗೆದುಕೊಂಡರೆ ಇನ್ನೊಂದು ಜೊತೆಗೇ ಬರುತ್ತದೆ. ಫೈಂಡರನ್ನು, ಅಂದರೆ ಗುರಿಯಿಡಲು ಕೊಳವೆಗೆ ಅಂಟಿಸಿರುವ ಪುಟಾಣಿ ದುರ್ಬೀನನ್ನು, ಕಳಚಿ ಮನೆಯಲ್ಲೇ ಬಿಟ್ಟು ಬರುತ್ತೇನೆ.

ಕಳೆದ ಜನವರಿಯಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಅಂಗಳದ ತುಂಬ ಅಡಿಕೆ ಹರಡಿತ್ತು, ಅದಕ್ಕೆ ಕೆಳಗಿನ ಗದ್ದೆಯಲ್ಲಿ ನಿಂತೆವು. ಮನೆಯ ಅಜ್ಜ ಕಂಬಳಿ ಹೊದ್ದು ಬಂದರು. ಮೊಮ್ಮಗಳು ದೊಡ್ಡದರಲ್ಲಿ ಕೃತ್ತಿಕೆ ನೋಡಿ, ‘ನಾಕೈದು ಚುಕ್ಕಿ ಅದೆ ಅಷ್ಟೇ’ ಅಂದಳು. ತಪ್ಪೇನಿಲ್ಲ, ಆ ಗುಂಪು ಸುಮಾರು 2 ಡಿಗ್ರಿ ಅಗಲ; 25 ಮಿಲಿಮೀಟರಿನ ಐಪೀಸಿನಲ್ಲೂ ದೊಡ್ಡದು ತೋರಿಸುವುದು 1 ಡಿಗ್ರಿ. ಪುಟ್ಟದು 3 ಡಿಗ್ರಿ ತೋರಿಸುತ್ತದೆ. ನಾನು ನನ್ನ ಜಾಗ ಬಿಟ್ಟು ಅಜ್ಜನನ್ನು ಪುಟ್ಟದಕ್ಕೆ ಕೂರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೃತ್ತಿಕೆ ಮಳೆ ಗೊತ್ತಿತ್ತು ಮಾರಾಯ್ರೆ, ಕೃತ್ತಿಕೆ ಗೊತ್ತಿರ್ಲಿಲ್ಲ’ ಅಂದರು. ಆ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳಲ್ಲಿ, ಸೂರ್ಯ ಅದೇ ನಕ್ಷತ್ರದ ಬಳಿ ಇರುತ್ತಾನೆ, ಆಗ ಅದು ಕಾಣುವುದಿಲ್ಲ ಎಂದೆ. ಅವರು ತಲೆಯೆತ್ತದೆ, ಮೊಮ್ಮಗಳಿಗೆ ‘ನೀನು ಈ ಕಡೆ ಬಾ’ ಎಂದರು. ಅವಳು ಬಂದಾಗ ಅವರೇ ಗುಬಟು ಹಿಡಿದು ತಿರುಗಿಸಲು ಶುರುಮಾಡಿದರು. ಯಾವ ಕಡೆ ತಿರುಗಿಸಬೇಕೆಂದು ನಾನು ಹೇಳಿರಲಿಲ್ಲ.

ಕೊನೆಯದಾಗಿ ಮಳೆಗಾಲ. ಮೃಗಶಿರ ಮಳೆ ಹಿಡಿಯುವ ಮೊದಲು ಮಸೂರ, ಐಪೀಸ್ ಎಲ್ಲ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹೋಗಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಗಾಜನ್ನೇ ತಿನ್ನುತ್ತದೆ. ಮೌಂಟಿನ ಕಬ್ಬಿಣದ ಭಾಗಕ್ಕೆ ಎಣ್ಣೆ ಸವರಿ, ಬೋಲ್ಟ್‌ಗಳನ್ನು ಸಡಿಲ ಬಿಡಿ. ಒಂದು ಟೆಲಿಸ್ಕೋಪ್ ಕಳಚುವ ಮುಂಚೆ ಅಡ್ಡ ದಂಡ ಉರುಳದಂತೆ ಹಿಡಿಯುವ ಕ್ಲಚ್ ಬಿಗಿಯಿರಿ. ಒಂದರ ಭಾರ ತಪ್ಪಿದ ಕೂಡಲೆ ಇನ್ನೊಂದು ಮೂತಿ ಕೆಡವುತ್ತದೆ.

ಈ ಮೌಂಟಿನ ಎಡ ಸ್ಯಾಡಲ್‌ನಲ್ಲಿ ಹಳೆಯ ದವಡೆಯನ್ನೇ ಹಾಕಿ ತಂದಿದ್ದೇನೆ, ಬಲದಲ್ಲಿ ಹೊಸದು. ಎರಡಕ್ಕೂ ಒಂದೊಂದು ಖಾಲಿ ಪಟ್ಟಿ ಕಚ್ಚಿಸಿದೆ. ಒಬ್ಬೊಬ್ಬರಾಗಿ ಮೇಲೆ ಬಂದು ಎರಡನ್ನೂ ಕೈಯಿಂದ ಅಲುಗಾಡಿಸಿ ನೋಡಿ.