ರಸ್ತೆಗೂ ಮೊದಲು ನಾಲ್ಕು ಗುಂಡಿ

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದಲ್ಲಿ ರಸ್ತೆ, ಕಟ್ಟಡ, ಮೆಟ್ರೋ ಕೆಲಸದವರು ತುಂಬಾ ಜನ ಇದ್ದೀರಿ. ಅದಕ್ಕೇ, ಮಣ್ಣು ಅಗೆಯುವ ಮೊದಲು ಅಲ್ಲಿ ಹಳೇ ಊರಿನ ಕುರುಹು ಇದೆಯಾ ಅಂತ ಪರೀಕ್ಷೆ ಮಾಡಬೇಕು ಅನ್ನೋ ಮಾತು ಇಲ್ಲೇ ಆಡಬೇಕು ಅನ್ನಿಸಿತು.

ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ನಾನು ಸೂಪರ್‌ವೈಸರ್ ಆಗಿದ್ದೆ. ಭರ್ತಿ ಮಣ್ಣಿಗೆ ಅಂತ ಹೊಲದ ಅಂಚಿನ ಒಂದು ದಿಬ್ಬಕ್ಕೆ ಜೆಸಿಬಿ ಹಚ್ಚಿದ್ದೆವು. ಸಂಜೆ ಹೋಗಿ ನೋಡಿದರೆ, ಕಡಿದ ಗೋಡೆಯಲ್ಲಿ ನಾಲ್ಕು ಬೆರಳು ದಪ್ಪದ ಬೂದಿ ಗೆರೆ, ಅದರಡಿ ಬಡಿದು ಸಾರಿಸಿದ ಮನೆ ನೆಲ, ನೆಲದಡಿ ಅರ್ಧ ಮಡಕೆ. ಇನ್ನರ್ಧ ಟಿಪ್ಪರ್‌ನಲ್ಲಿ ಹೋಗಿಬಿಟ್ಟಿತ್ತು. ನಿಲ್ಲಿಸಿ ಅಂದೆ, ಯಾರೂ ಕೇಳಲಿಲ್ಲ. ಮಾರನೇ ದಿನ ದಿಬ್ಬವೇ ಇರಲಿಲ್ಲ.

ಇಂಥ ಮಣ್ಣಿಗೆ ಇಲ್ಲಿನ ಹಳ್ಳಿಯವರು ಪಾಂಢರಿ ಅಂತಾರೆ. ಉಳುವ ಕಪ್ಪು ನೆಲ ಕಾಳಿ, ಜನ ಬದುಕಿದ ಬಿಳಿ ಮಣ್ಣು ಪಾಂಢರಿ. ನಮ್ಮ ಕಡೆ ಹಾಳೂರು ದಿಬ್ಬ ಅಂತೀವಲ್ಲ, ಅದೇ.

ಶಿರೂರು ತಾಲೂಕಿನ ಇನಾಮ್‌ಗಾಂವ್ ಕೂಡ ಘೋಡ್ ನದಿ ದಡದ ಅಂಥ ಜಾಗ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವದವರು 1968ರಿಂದ 1983ರವರೆಗೆ ಅಲ್ಲಿ ಅಗೆದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ರೈತರ ಊರು ಸಿಕ್ಕಿತು. ಸತ್ತ ಮಗುವನ್ನು ಎರಡು ಮಡಕೆಗಳ ಬಾಯಿಗೆ ಬಾಯಿ ಸೇರಿಸಿ ಅದರೊಳಗಿಟ್ಟು, ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಹೊರಗೆ ಎಲ್ಲೋ ಅಲ್ಲ, ಮನೆಯೊಳಗೇ. ನಾನು ಕಂಡ ಆ ಅರ್ಧ ಮಡಕೆ ಅಂಥದ್ದೇ ಇತ್ತಾ? ಮಡಕೆ ಚೂರು ಬೇರೆ ಕಡೆ ಸಿಗಬಹುದು, ಆದರೆ ಯಾವ ನೆಲದಡಿ ಇತ್ತು, ಪಕ್ಕದಲ್ಲಿ ಏನಿತ್ತು ಅನ್ನೋದು ಒಂದು ಸಲ ಕಲಸಿಹೋದರೆ ಮುಗೀತು.

ಮೊದಲೇ ಪರೀಕ್ಷೆ ಮಾಡೋದು ದೊಡ್ಡ ಕೆಲಸವೇನಲ್ಲ. ಉಳುಮೆ ಆದ ಮೇಲೆ ರಸ್ತೆ ಹೋಗುವ ಜಾಗದಲ್ಲಿ ನಡೆದು ಚೂರು ಹುಡುಕೋದು, ಊರ ಹಿರಿಯರನ್ನು ಕೇಳೋದು, ಹಳೇ ನಕ್ಷೆ ನೋಡೋದು. ಅನುಮಾನ ಬಂದ ಕಡೆ ಸಣ್ಣ ಗುಂಡಿ, ಇಲ್ಲವೇ ಉದ್ದನೆಯ ಕಿರಿದಾದ ಕಾಲುವೆ. ಮೇಲ್ಮಣ್ಣನ್ನು ಹಲ್ಲಿಲ್ಲದ ಬಕೆಟ್‌ನಿಂದ ಪದರಪದರವಾಗಿ ಕೆರೆಯಬೇಕು, ಬಣ್ಣ ಬದಲಾದ ಕೂಡಲೇ ಯಂತ್ರ ನಿಲ್ಲಬೇಕು. ಆಮೇಲೆ ಕರಣೆ, ಬ್ರಷ್, ಜರಡಿ. ಏನೂ ಸಿಗದಿದ್ದರೆ ರಸ್ತೆ ಹಾಕಿ. ಸಿಕ್ಕರೆ ದಾರಿ ಸ್ವಲ್ಪ ಸರಿಸಬಹುದು, ಇಲ್ಲ ಪೂರ್ತಿ ಅಗೆದು ದಾಖಲಿಸಬಹುದು. ಆಂಧ್ರದ ಹಳೇ ಬೌದ್ಧ ನೆಲೆ ನಾಗಾರ್ಜುನಕೊಂಡದಲ್ಲಿ ಅಣೆಕಟ್ಟಿನ ನೀರು ನಿಲ್ಲುವ ಮೊದಲು, 1954ರಿಂದ 1960ರವರೆಗೆ ಕಣಿವೆಯನ್ನು ಅಗೆದು ನೋಡಿದ್ದರು. ನಮಗೆ ಇದು ಹೊಸದಲ್ಲ.

ಕಾನೂನು ಇಲ್ವಾ ಅಂತ ಕೇಳ್ತೀರಿ. ಪ್ರಾಚೀನ ಸ್ಮಾರಕಗಳನ್ನು ಕಾಯುವ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಆಚೆಗಿನ 200 ಮೀಟರ್‌ಗೆ ಅನುಮತಿ ಬೇಕು. ಆದರೆ ಸಂರಕ್ಷಿತ ಅನ್ನೋ ಬೋರ್ಡೇ ಇಲ್ಲದ ದಿಬ್ಬಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ: ರಸ್ತೆಯ ಗೆರೆಯನ್ನಷ್ಟೇ ಪರೀಕ್ಷೆ ಮಾಡಿದರೆ ಸಾಲದು, ಮಣ್ಣು ತೆಗೆಯುವ ಜಾಗವನ್ನೂ ನೋಡಬೇಕು. ನನ್ನ ದಿಬ್ಬ ಹೋಗಿದ್ದು ಅಲ್ಲೇ, ರಸ್ತೆ ಅದರ ಹತ್ತಿರಕ್ಕೂ ಬಂದಿರಲಿಲ್ಲ.

ಸೈಟಿನಲ್ಲಿರುವವರು ನಾಳೆಯೇ ಒಂದು ಕೆಲಸ ಮಾಡಿ. ಜೆಸಿಬಿ ಚಾಲಕನಿಗೆ ಬೂದಿ ಗೆರೆ ಹೇಗಿರುತ್ತೆ ಅಂತ ತೋರಿಸಿ. ಕಂಡರೆ ಬಕೆಟ್ ಮೇಲೆತ್ತಲಿ, ಚೂರನ್ನು ಕೀಳದೆ ಇದ್ದಲ್ಲೇ ಫೋಟೋ ತೆಗೆಯಲಿ, ನಿಮಗೆ ಫೋನ್ ಮಾಡಲಿ.