ಹೊಂಗೆ ಮರದ ಜೋಲಿ

ಕೇಳುಗರಿಗೆ ನಮಸ್ಕಾರ.

ಹಾಸನ ಅಂದ್ರೆ ಆಲೂಗಡ್ಡೆ ಅಲ್ವಾ? ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಬದುವಿನಲ್ಲಿ ಒಂದು ಹೊಂಗೆ ಮರ ಇತ್ತು. ಗೆಡ್ಡೆ ಕೀಳುವ ದಿನ ಅದರ ಕೊಂಬೆಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡುತ್ತಿದ್ದರು. ಕೂಸನ್ನು ಮಲಗಿಸಿ ಹೆಂಗಸರು ಸಾಲಿಗೆ ಇಳಿಯುತ್ತಿದ್ದರು. ಕೂಸು ಅತ್ತರೆ ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಹಾಲು ಕುಡಿಸಿ ಹೋಗುತ್ತಿದ್ದರು. ಅದೇನು ಸುಖದ ಬದುಕಲ್ಲ. ಕೂಲಿ ಕಡಿಮೆ, ಸೊಂಟನೋವು ಜಾಸ್ತಿ. ಆದರೆ ಮಗು ಕಣ್ಣೆದುರಿಗೆ ಇರುತ್ತಿತ್ತು.

ಆಮೇಲೆ ಅಂಗಮಾರಿ ರೋಗ ಬಂತು. ಹಸಿರಾಗಿದ್ದ ಗಿಡ ನಾಲ್ಕು ದಿನ ಮೋಡ ಕವಿದರೆ ಕಪ್ಪಾಗಿ ಕೊಳೆಯುತ್ತಿತ್ತು. ಎಷ್ಟೋ ಜನ ಜೋಳಕ್ಕೆ, ಶುಂಠಿಗೆ ಹೊರಳಿದರು. ನಮ್ಮ ಮನೆಯಲ್ಲೂ ಆಲೂಗಡ್ಡೆ ನಿಂತಿತು. ಅತ್ತಿಗೆ ಗಾರ್ಮೆಂಟ್ಸ್ ಸೇರಿದರು.

ಬೆಳಿಗ್ಗೆ ಏಳಕ್ಕೆ ವ್ಯಾನ್ ಬರುತ್ತದೆ, ಯಾರಿಗೂ ಕಾಯುವುದಿಲ್ಲ. ಅತ್ತಿಗೆ ನಾಲ್ಕಕ್ಕೇ ಎದ್ದು ಹಾಲು ಕರೆದು, ಅಡುಗೆ ಮುಗಿಸಿ, ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ಓಡುತ್ತಿದ್ದರು. ಅಮ್ಮನಿಗೆ ಮಂಡಿನೋವು. ಮಗುವಿಗೆ ಜ್ವರ ಬಂದರೆ ಅತ್ತಿಗೆ ರಜೆ ಹಾಕಬೇಕು. ರಜೆ ಹಾಕಿದರೆ ಹಾಜರಿ ಬೋನಸ್ ಹೋಯಿತು. ಆ ಸಿಟ್ಟು ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುತ್ತಿತ್ತು. ಮನೆಯ ಜಗಳ ಮಾರನೇ ದಿನ ಮಿಷನ್ ಮುಂದೆ ಕೂತಾಗಲೂ ತಲೆಯಲ್ಲಿ ಸುತ್ತುತ್ತಿತ್ತು. ಇದು ಯಾರ ತಪ್ಪು ಅಂತ ಹುಡುಕುತ್ತಾ ನಾವು ಎರಡು ವರ್ಷ ಕಳೆದೆವು.

30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯೇ ಹೇಳಿತ್ತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಆಯಿತು. ಆದರೆ ಆ ಕೋಣೆ ಸುಮ್ನೆ ಬೀಗ ಹಾಕಿಕೊಂಡಿದ್ದರೆ ಏನು ಬಂತು? ಅಲ್ಲಿ ನಂಬಿಕೆಯ ಆಯಾ ಬೇಕು, ತೊಟ್ಟಿಲು ಬೇಕು, ಬಿಸಿನೀರು ಬೇಕು. ನೀವು ಕಾರ್ಖಾನೆಯಲ್ಲಿ ದುಡಿಯುವವರಾದರೆ ದಯವಿಟ್ಟು ಇದನ್ನು ನಾಲ್ಕು ಜನ ಸೇರಿ ಕೇಳಿ.

ಮನೆಯಲ್ಲೂ ಕೇಳಬೇಕು. ಹೊಲದ ಕೆಲಸ ಕಡಿಮೆಯಾದ ಅಣ್ಣನ ಕೈ ಖಾಲಿ ಇತ್ತು, ಆದರೂ ಒಲೆ ಮುಂದೆ ಹೋಗಲು ಸಂಕೋಚ. ಒಂದು ದಿನ ಅಮ್ಮ ಹಾಸಿಗೆ ಹಿಡಿದಾಗ ಅವನೇ ಹಿಟ್ಟಿನ ಕೋಲು ಹಿಡಿದ. ಯಾರಾದರೂ ನೋಡಿಯಾರು ಅಂತ ಅಮ್ಮ ಮಲಗಿದ್ದಲ್ಲಿಂದಲೇ ಬಾಗಿಲು ಹಾಕಿಸಿದರು. ಮುದ್ದೆ ಪೂರ್ತಿ ಗಂಟಾಗಿತ್ತು. ಅತ್ತಿಗೆ ವ್ಯಾನ್ ಇಳಿದು ಬಂದು, ಏನೂ ಮಾತಾಡದೆ ಎರಡು ಮುದ್ದೆ ಉಂಡರು.

ಈಗ ಅಣ್ಣ ದಿನಾ ತೊಳಸುತ್ತಾನೆ. ಗಂಟಾಗುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ.

ನಮಸ್ಕಾರ.