ಎದೆಯ ನೆರಳು ಓದುವುದು

ಕೇಳುಗರಿಗೆ ನಮಸ್ಕಾರ.

ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆ ಆ ಕೋಣೆಯ ಮಾತು ನೆನಪಿರುತ್ತದೆ. "ಭುಜ ಮುಂದಕ್ಕೆ ತನ್ನಿ, ಉಸಿರು ಜೋರಾಗಿ ಎಳ್ಕೊಳ್ಳಿ, ಹಾಗೇ ಹಿಡೀರಿ... ಆಯ್ತು, ಬಿಡಿ." ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಸೇರುತ್ತದೆ: "ಸರ ತೆಗೀರಿ, ಜಡೆ ಎತ್ತಿ ಕಟ್ಕೊಳ್ಳಮ್ಮ."

ಜಡೆ ಯಾಕೆ ಎತ್ತಬೇಕೆಂದು ನಾನು ವೃತ್ತಿಗೆ ಬಂದ ಹೊಸದರಲ್ಲಿ ಕಲಿತೆ. ಕೆಮ್ಮು ಅಂತ ಬಂದ ಹುಡುಗಿಯ ಫಿಲ್ಮಿನಲ್ಲಿ ಬಲ ಶ್ವಾಸಕೋಶದ ತುದಿಗೆ ಮಬ್ಬು ನೆರಳಿತ್ತು. ದೊಡ್ಡವರಲ್ಲಿ ಕ್ಷಯ ಹೆಚ್ಚಾಗಿ ಕೂರುವುದು ಅಲ್ಲೇ. ಟಿಬಿ ಇರಬಹುದೆಂದು ಚೀಟಿಯಲ್ಲಿ ಬರೆದೂಬಿಟ್ಟೆ. ನಮ್ಮ ಹಿರಿಯ ವೈದ್ಯರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ನೆರಳಿನ ಅಂಚಿಗೆ ಬೆರಳಿಟ್ಟು ಮೇಲಕ್ಕೆ ಸವರುತ್ತಾ ಹೋದರು. ಅಂಚು ಶ್ವಾಸಕೋಶ ದಾಟಿತು, ಕೊರಳ ಮೂಳೆ ದಾಟಿತು, ಕುತ್ತಿಗೆಯವರೆಗೂ ಹೋಯಿತು. ಶ್ವಾಸಕೋಶದ ಕಾಯಿಲೆ ಕುತ್ತಿಗೆಗೆ ಹತ್ತುವುದಿಲ್ಲವಲ್ಲ! ಅದು ಆಕೆ ಬಿಗಿಯಾಗಿ ಹೆಣೆದುಕೊಂಡಿದ್ದ ಜಡೆ. ಆರು ತಿಂಗಳ ಮಾತ್ರೆ ನುಂಗಬೇಕಾಗುತ್ತಿತ್ತು ಆ ಮಗು.

1895ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಈ ಕಿರಣ ಕಂಡುಹಿಡಿದು, ಹೆಂಡತಿಯ ಕೈಯ ಚಿತ್ರ ತೆಗೆದಾಗ ಮೂಳೆಗಳ ಜೊತೆ ಬೆರಳಿನ ಉಂಗುರವೂ ಮೂಡಿತ್ತು. ಕಿರಣದ ದಾರಿಗೆ ಏನು ಅಡ್ಡ ಬಂದರೂ ಅದರ ನೆರಳು ಬೀಳುತ್ತದೆ. ಗಾಳಿ ಕಪ್ಪು, ನೀರು ಮತ್ತು ಮಾಂಸ ಬೂದು, ಮೂಳೆ ಬಿಳಿ, ಲೋಹ ಇನ್ನೂ ಬಿಳಿ. ಶ್ವಾಸಕೋಶದ ತುಂಬ ಗಾಳಿಯಾದ್ದರಿಂದ ಅದು ಕಪ್ಪಗಿರಬೇಕು. ಕಪ್ಪಿರಬೇಕಾದಲ್ಲಿ ಬಿಳಿ ಕಂಡರೆ ಗಾಳಿಯ ಜಾಗಕ್ಕೆ ಬೇರೇನೋ ಬಂದಿದೆ ಅಂತ ಅರ್ಥ.

ನ್ಯುಮೋನಿಯಾದಲ್ಲಿ ಹಾಗೆ ಬರುವುದು ಕೀವಿನಂಥ ದ್ರವ. ಬಿಳಿ ಮಚ್ಚೆಯ ನಡುವೆ ಗಾಳಿಕೊಳವೆಗಳು ಒಣಮರದ ಕೊಂಬೆಗಳ ಹಾಗೆ ಕಪ್ಪಗೆ ಕಾಣುತ್ತವೆ. ಜ್ವರ ಬಿಟ್ಟು ರೋಗಿ ಊಟ ಮಾಡತೊಡಗಿದರೂ ಈ ಮಚ್ಚೆ ವಾರಗಟ್ಟಲೆ ಉಳಿಯುತ್ತದೆ. ಅದನ್ನು ಕಂಡು ಗಾಬರಿಬಿದ್ದು ಮತ್ತೊಂದು ಸುತ್ತು ಔಷಧಿ ಕೇಳುವವರಿದ್ದಾರೆ. ಬೇಕಾಗುವುದಿಲ್ಲ.

ಶ್ವಾಸಕೋಶದ ಹೊರಗೆ ನೀರು ತುಂಬಿದರೆ ಮೊದಲು ಕೆಳಗಿನ ಮೂಲೆ ನೋಡುತ್ತೇವೆ. ಪಕ್ಕೆಲುಬು ಮತ್ತು ವಪೆ, ಅಂದರೆ ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಸೇರುವ ಆ ಮೂಲೆ ಚೂಪಾಗಿರಬೇಕು. ಅದು ಮೊಂಡಾಗಿದ್ದರೆ, ನಿಂತು ತೆಗೆಸಿದ ಚಿತ್ರದಲ್ಲಿ, ಸುಮಾರು 200 ಮಿಲಿಲೀಟರ್ ನೀರಾದರೂ ಸೇರಿದೆ ಅಂತ ಲೆಕ್ಕ. ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಕುಗ್ಗಿದ್ದರೆ ಕೂದಲೆಳೆಯಂಥ ಒಂದು ಗೆರೆ, ಅದರಾಚೆ ಬರೀ ಕಪ್ಪು. ಅವಸರದ ಕಣ್ಣಿಗೆ ಈ ಗೆರೆ ತಪ್ಪಿಹೋಗುತ್ತದೆ, ರೋಗಿಗೆ ಮಾತ್ರ ಪ್ರತಿ ನಿಮಿಷವೂ ಮುಖ್ಯ.

ಗುಂಡಿಗೆಯ ಅಗಲ ಎದೆಗೂಡಿನ ಅಗಲದ ಅರ್ಧ ಮೀರಬಾರದು. ಆದರೆ ಈ ಅಳತೆ ಎದೆಯನ್ನು ಫಲಕಕ್ಕೆ ಒತ್ತಿ ನಿಂತು, ಬೆನ್ನ ಕಡೆಯಿಂದ ಕಿರಣ ಬಿಟ್ಟ ಚಿತ್ರಕ್ಕೆ ಮಾತ್ರ. ಹಾಸಿಗೆಯಲ್ಲೇ ಎದುರಿನಿಂದ ತೆಗೆದರೆ ಗುಂಡಿಗೆ ಫಲಕದಿಂದ ದೂರವಾಗಿ ದೊಡ್ಡದಾಗಿ ಕಾಣುತ್ತದೆ. ಗೋಡೆಯಿಂದ ಕೈ ದೂರ ಮಾಡಿ ದೀಪದ ಹತ್ತಿರ ಒಯ್ದರೆ ನೆರಳು ಹಿಗ್ಗುವುದಿಲ್ಲವೇ, ಹಾಗೆ. ಉಸಿರು ಪೂರ್ತಿ ಎಳೆಯದಿದ್ದರೂ ಅದೇ ಕಥೆ.

ಇನ್ನು ಕ್ಷಯ. ಮೇಲ್ಭಾಗದ ಮಬ್ಬು, ಅದರ ನಡುವೆ ಪೊಳ್ಳು, ಇವು ಅನುಮಾನ ಹುಟ್ಟಿಸುತ್ತವೆ. ತೀರ್ಮಾನ ಹೇಳಬೇಕಾದದ್ದು ಕಫ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕೆಲಸದ ಮೇಲೆಯೇ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಕಫ ಪರೀಕ್ಷೆ ನಡೆಯುವಂತಾಯಿತು. ಎರಡು ವಾರ ಕೆಮ್ಮಿದ್ದರೆ ಎಕ್ಸ್‌ರೇ ಚೆನ್ನಾಗಿದೆಯೆಂದು ಸುಮ್ಮನಾಗಬೇಡಿ, ಕಫ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ವಾಸಿಯಾದ ಕ್ಷಯವೂ ಗಾಯದ ಕಲೆ ಬಿಟ್ಟೇ ಹೋಗುತ್ತದೆ. ಅದು ಹಳೆಯ ಕಲೆಯೋ ಹೊಸ ರೋಗವೋ ಎಂದು ಒಂದೇ ಫಿಲ್ಮ್ ನೋಡಿ ಹೇಳುವುದು ಎಂಥ ವೈದ್ಯರಿಗೂ ಕಷ್ಟ. ಅದಕ್ಕೇ ನಾನು ಎಲ್ಲರನ್ನೂ ಬೇಡಿಕೊಳ್ಳುವುದು, ಹಳೆಯ ಎಕ್ಸ್‌ರೇ ಎಸೆಯಬೇಡಿ. ಮಡಚಬೇಡಿ, ಬಿಸಿಲಿಗೆ ಇಡಬೇಡಿ. ಗ್ರಹಣ ನೋಡಲು ಮಕ್ಕಳ ಕೈಗಂತೂ ಕೊಡಲೇಬೇಡಿ, ಅದರಿಂದ ಕಣ್ಣು ಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಅರವತ್ತು ದಾಟಿದ ರೈತರೊಬ್ಬರು ಮಗಳ ಜೊತೆ ಬಂದರು. ಹೊಸ ಚಿತ್ರದಲ್ಲಿ ಬಲಮೇಲ್ಭಾಗಕ್ಕೆ ಬಿಳಿ ಗೀರುಗಳು, ಸುಣ್ಣಗಟ್ಟಿದ ಎರಡು ಚುಕ್ಕೆ. ಟಿಬಿ ಮರುಕಳಿಸಿದೆ ಎಂದು ಯಾರೋ ಹೇಳಿದ್ದರಂತೆ, ಯಜಮಾನರು ಊಟ ಬಿಟ್ಟಿದ್ದರು. "ಹಳೇದೇನಾದ್ರೂ ಇದೆಯೇನಮ್ಮ?" ಅಂದೆ. ಮರುದಿನ ಮಗಳು ಟ್ರಂಕಿನ ತಳದಲ್ಲಿ ಸೀರೆಗಳ ಅಡಿ ಇಟ್ಟಿದ್ದ ಫಿಲ್ಮ್ ತಂದಳು. ಹನ್ನೆರಡು ವರ್ಷದ ಹಿಂದಿನದು, ನುಸಿಗುಳಿಗೆಯ ವಾಸನೆ. ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿದೆ. ಅವೇ ಗೀರು, ಅವೇ ಎರಡು ಚುಕ್ಕೆ, ಅದೇ ಜಾಗ. ಕಫದಲ್ಲೂ ಕ್ರಿಮಿ ಸಿಗಲಿಲ್ಲ. ಕೆಮ್ಮು ಬೀಡಿಯದ್ದಾಗಿತ್ತು.

ಹೊರಡುವಾಗ ಮಗಳು ನನ್ನ ಪೆನ್ನು ಕೇಳಿ ತೆಗೆದುಕೊಂಡು, ಎರಡೂ ಕವರಿನ ಮೇಲೆ ಇಸವಿ ಬರೆದುಕೊಂಡಳು.

ನಮಸ್ಕಾರ.